ಸದ್ದು ಮಾಡದ ಬ್ರೆಡ್ಡು

ಅಪ್ಪನಿಗೆ,

ನಿನ್ನೆ ಬೇಕರಿಯಲ್ಲಿ, ಗಿರಾಕಿಗಳ ಎದುರಿಗೇ, ನನ್ನ ಬ್ರೆಡ್ಡಿನ ತಳ ತಟ್ಟಿ ನೋಡಿದಿರಿ. "ಟೊಳ್ಳು ಸದ್ದೇ ಇಲ್ಲ. ಇದು ಬ್ರೆಡ್ಡಲ್ಲ, ಇಟ್ಟಿಗೆ" ಅಂತ ಕಸದ ಬುಟ್ಟಿಗೆ ಎಸೆದಿರಿ. ಒಂದು ಚೂರು ಬಾಯಿಗೆ ಹಾಕಿಕೊಳ್ಳಲಿಲ್ಲ.

ಚೆನ್ನಾಗಿ ಬೆಂದ ಗೋಧಿ ಬ್ರೆಡ್ಡು ತಟ್ಟಿದರೆ ಟೊಳ್ಳು ಸದ್ದು ಬರುತ್ತೆ, ಆ ವಿಷಯದಲ್ಲಿ ನಿಮ್ಮ ಕಿವಿ ತಪ್ಪೋದಿಲ್ಲ, ಒಪ್ಪಿದೆ. ಆದರೆ ನನ್ನ ಬ್ರೆಡ್ಡಿನ ಧಾನ್ಯವೇ ಬೇರೆ. ಒಮ್ಮೆ ಬಿತ್ತಿದರೆ ಸಾಕು, ಕೊಯ್ದ ಮೇಲೂ ಬುಡದಿಂದ ಮತ್ತೆ ಚಿಗುರುತ್ತೆ. ವರ್ಷವರ್ಷ ಹೊಲ ಉಳಬೇಕಾಗಿಲ್ಲ. ಬೇರು ಆಳಕ್ಕಿಳಿದು ಮಣ್ಣನ್ನು ಕಚ್ಚಿ ಹಿಡಿದಿರುತ್ತೆ, ಮಳೆಗೆ ಕೊಚ್ಚಿಹೋಗೋಕೆ ಬಿಡಲ್ಲ. ಕಾಳು ಸಣ್ಣದು, ನಾರು ಜಾಸ್ತಿ. ಅದಕ್ಕೇ ಹಿಟ್ಟು ಅಷ್ಟಾಗಿ ಉಬ್ಬಲ್ಲ. ಆದರೆ ಬೆಳಿಗ್ಗೆ ಎರಡು ತುಂಡು ತಿಂದರೆ ಮಧ್ಯಾಹ್ನದವರೆಗೂ ಹೊಟ್ಟೆ ತಡೆಯುತ್ತೆ.

ನಿಮ್ಮ ಬೇಕರಿಯ ಬೋರ್ಡಿನ ಕೆಳಗೆ ಇದನ್ನು ಮಾರಕೂಡದು ಅಂದಿರಿ. ಆಗಲಿ, ನಾಳೆಯಿಂದ ಹಿಂದಿನ ಬಾಗಿಲಲ್ಲಿ ಮಾರುತ್ತೇನೆ. ನಿಲ್ಲಿಸು ಅಂತ ಮಾತ್ರ ಹೇಳಬೇಡಿ. ಹಟದಲ್ಲಿ ನಾನು ನಿಮ್ಮ ಮಗಳೇ.

ಈ ಹಿಟ್ಟು ತಾನಾಗಿ ನಿಲ್ಲೋದಿಲ್ಲ, ಅಚ್ಚು ಬೇಕು. ಅಟ್ಟದ ಮೇಲಿರೋ ನಿಮ್ಮ ಹಳೇ ಅಚ್ಚುಗಳನ್ನು ಕಳಿಸಿ. ಕಳಿಸದಿದ್ದರೆ ಬಿಸ್ಕತ್ತಿನ ಡಬ್ಬದಲ್ಲೇ ಬೇಯಿಸುತ್ತೇನೆ.

ಇನ್ನೊಂದು ಮಾತು. ನಿನ್ನೆ ಸಂಜೆ ನಾನು ಅಮ್ಮನ ಕೈಗೆ ಕೊಟ್ಟ ಇನ್ನೊಂದು ಬ್ರೆಡ್ಡು ಬೆಳಗಾಗೋದರೊಳಗೆ ಅರ್ಧ ಖಾಲಿಯಂತೆ. ಅಮ್ಮ ಕೇಳಿದ್ದಕ್ಕೆ "ಇಲಿ ತಿಂದಿರಬೇಕು" ಅಂದಿರಂತೆ. ಅಪ್ಪಾ, ಯಾವ ಇಲಿ ಬೆಣ್ಣೆ ಸವರಿಕೊಂಡು ತಿನ್ನುತ್ತೆ?

ಆ ಇಲಿಗೆ ಹೇಳಿ, ನಾಳೆ ಹಿಂದಿನ ಬಾಗಿಲಿಗೆ ಬಂದರೆ ಬಿಸಿಬಿಸಿ ಸಿಗುತ್ತೆ.

ಇಂತಿ,
ಇಟ್ಟಿಗೆ ಸುಡೋ ನಿಮ್ಮ ಮಗಳು