ಮುಂದಿನ ಹಗ್ಗ

ಬಂಗಲೆ ತೋಟ, ಮೂಡಿಗೆರೆ
೧೧ ಅಕ್ಟೋಬರ್ ೧೯೩೬, ಭಾನುವಾರ

ಕಳಸದ ತೋಟದಲ್ಲಿರುವ ನನ್ನ ಮನೆಯವಳು ಜವರಮ್ಮನಿಗೂ, ಇದನ್ನು ಓದಿ ಹೇಳುವ ರೈಟರ್ ಗುರುವಯ್ಯನವರಿಗೂ ಶೇಷಪ್ಪ ತಿಳಿಸುವುದು.

ಇಲ್ಲಿ ನಾನು, ನಾಯಿ, ನೀನು ಹಬ್ಬಿಸಿದ ಬಸಳೆ ಚಪ್ಪರ, ಮೂವರೂ ಕ್ಷೇಮ. ನನ್ನದು ಹಾಜರಿ ಪುಸ್ತಕ ನೋಡಿ ಅಕ್ಷರ ಕಲಿತ ಕೈ. ತಪ್ಪಿದ್ದರೆ ಗುರುವಯ್ಯನವರು ತಿದ್ದಿಕೊಂಡು ಓದಲಿ. ಅವರು ಓದುವುದು ಆಫೀಸಿನ ಜಗಲಿಯಲ್ಲಿ, ಸಸಿ ಮಡಿಯ ಹೆಂಗಸರೆಲ್ಲ ಕೇಳುವಂತೆ. ಹಾಗಾಗಿ ಮನೆಯ ಮಾತು ಬೇಡ, ಹುಲ್ಲು ಕತ್ತರಿಸುವ ಮಿಷನ್ನಿನ ವಿಚಾರ ಮಾತ್ರ ಬರೆಯುತ್ತೇನೆ.

ದೊರೆಗಳು ತರಿಸಿದ ಪೆಟ್ರೋಲ್ ಮಿಷನ್ನು ನೋಡುವುದಕ್ಕೆ ಮದುವಣಗಿತ್ತಿ. ಅದಕ್ಕೆ ಒಬ್ಬ ಆಳು ಸಾಕು. ಹಳೇ ಮಿಷನ್ನಿನ ಮುಂದೆ ಹಗ್ಗ ಎಳೆಯುತ್ತಿದ್ದ ನಿನ್ನನ್ನು ಕಳಸಕ್ಕೆ ಕಳಿಸಿದ್ದೇ ಅದಕ್ಕಲ್ಲವೇ. ಆದರೆ ಅದು ನಂಬುವ ಪದಾರ್ಥ ಅಲ್ಲ. ಇಬ್ಬನಿ ಬಿದ್ದರೆ ಕೆಮ್ಮುತ್ತದೆ, ಬಿಸಿಲೇರಿದರೆ ಮುನಿಸಿಕೊಳ್ಳುತ್ತದೆ. ಮೊನ್ನೆ ದೊರೆಗಳ ನೆಂಟರೆದುರಿಗೇ ಹುಲ್ಲಿನ ನಡುವೆ ಕೂತುಬಿಟ್ಟಿತು. ಅಡುಗೆಮನೆಯ ದ್ಯಾವಮ್ಮ ಕಿಟಕಿಯಿಂದ, "ಶೇಷಪ್ಪಣ್ಣ, ಅದ್ಕೂ ಒಂದ್ ಲೋಟ ಕಾಫಿ ಕೊಡ್ಲಾ?" ಎಂದು ಕೇಳಿದಳು.

ಹಳೇದಕ್ಕೆ ಒಂದಿಷ್ಟು ಎಣ್ಣೆ ಬಿಟ್ಟರೆ ವರ್ಷವಿಡೀ ತಕರಾರಿಲ್ಲ. ಹಗ್ಗ ಹಾಕಿಕೊಂಡು ನೀನು ಮುಂದೆ, ಹಿಡಿಕೆ ಹಿಡಿದು ನಾನು ಹಿಂದೆ. ತಿರುವು ಬಂದಾಗ ನೀನು ತಿರುಗಿಯೂ ನೋಡದೆ, "ಏನ್ ಮಾರಾಯ್ರೇ, ತಳ್ತಿದೀರೋ, ನೇತಾಡ್ತಿದೀರೋ?" ಎನ್ನುತ್ತಿದ್ದೆ. ಈಗಿನ ಸದ್ದಿನಲ್ಲಿ ಯಾರು ಬೈದರೂ ಕೇಳಿಸುವುದಿಲ್ಲ. ಬೈಯುವವರೂ ಇಲ್ಲ. ಮುಂದೆ ನೋಡಿದರೆ ಬರೀ ಹುಲ್ಲು, ಗೆರೆ ಸೊಟ್ಟಕ್ಕೆ ಹೋಗುತ್ತದೆ.

ದೊರೆಗಳೂ ಬೇಸತ್ತು ಹಳೇದನ್ನೇ ಹೊರಗೆ ತೆಗೆ ಎಂದಿದ್ದಾರೆ. ಹಗ್ಗಕ್ಕೆ ಹುಚ್ಚಮ್ಮ ಬಂದಳು. ಬಿರುಸು ಜಾಸ್ತಿ ಎಂದೆ. ಭೂತಯ್ಯ ಬಂದ, ನಿಧಾನ ಎಂದೆ. ದೊರೆಗಳು ನಕ್ಕು, ನಿನಗೆ ಯಾರು ಬೇಕೋ ಅವರನ್ನೇ ಕರೆಸಿಕೋ, ಆದರೆ ಕಾಫಿ ಹಣ್ಣಿನ ಕೊಯ್ಲು ಶುರುವಾಗುವುದರೊಳಗೆ ಎಂದರು. ಕೊಯ್ಲು ಹತ್ತಿದರೆ ಕಳಸದವರು ಆಳು ಬಿಡುವುದಿಲ್ಲ.

ಅಲ್ಲಿ ನೆರಳಿನ ಕೆಲಸ, ಸುಖವಾಗಿದ್ದೇನೆ ಎಂದು ನೀನು ಹೋದ ಸಲದ ಕಾಗದದಲ್ಲಿ ಬರೆಸಿದ್ದೆ. ಸುಖವಾಗಿದ್ದರೆ ಇರು. ನಾನು ಬರೆದದ್ದು ಮಿಷನ್ನಿನ ವಿಚಾರ, ಅಷ್ಟೇ.

ಇಂತಿ,
ಮಿಷನ್ನಿನ ಹಿಂದೆ ಒಬ್ಬನೇ ನಿಂತಿರುವ
ಶೇಷಪ್ಪ, ಹೂದೋಟದ ಮೇಸ್ತ್ರಿ

ತಾ.ಕ.: ಗುರುವಯ್ಯನವರೇ, ಇಷ್ಟನ್ನು ಅವಳೊಬ್ಬಳಿಗೇ ಮೆಲ್ಲಗೆ ಓದಿ. ಜವರಿ, ನಿನ್ನೆ ಭೂತಯ್ಯನನ್ನು ಹಿಂದೆ ನಿಲ್ಲಿಸಿ ಹಗ್ಗ ನಾನೇ ಹಾಕಿಕೊಂಡು ಎಳೆದೆ. ಹೆಗಲು ಸುಲಿದಿದೆ, ಅಂಗಿ ಸೋಕಿದರೂ ಉರಿ. ಇಷ್ಟು ವರ್ಷ ನಿನ್ನ ಬೆನ್ನು ನೋಡುತ್ತಾ ನಡೆದೆ, ಹೆಗಲ ವಿಚಾರ ಕೇಳಲಿಲ್ಲ, ನೀನೂ ಹೇಳಲಿಲ್ಲ. ಬರುವುದಾದರೆ ಹಿಡಿಕೆ ನಿನಗೆ. ಹಗ್ಗ ನನ್ನ ಹೆಗಲಿಗೇ ಇರಲಿ. ಹಿಂದಿನಿಂದ ಬೈದರೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ.