ಬೊಮ್ಮಕ್ಕನ ಪಾಳಿ

ಕ್ರಿ.ಶ. ೨೨೯೧, ಹದಿಮೂರನೆಯ ತಿಂಗಳು, ಸ್ವಾತಿ ಮಳೆ

ಇನ್ನೂರು ಚಿಲ್ಲರೆ ವರ್ಷ ಹಿಂದಿರುವ ಹಿರಿಯರಿಗೆ ಗಾದ್ರಯ್ಯನ ಶರಣು.

ತಿಂಗಳ ಲೆಕ್ಕ ನೋಡಿ ಗಾಬರಿಯಾಗಬೇಡಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬೇಸಿಗೆ ಉದ್ದವಾಯಿತೆಂದು ನಮ್ಮವರು ಪಂಚಾಂಗಕ್ಕೇ ಒಂದು ತಿಂಗಳು ಸೇರಿಸಿದರು; ಮಳೆಗಳೂ ತಡವಾಗಿ, ಸ್ವಾತಿ ಈಗ ವರ್ಷದ ಕೊನೆಗೆ ಬರುತ್ತದೆ. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ.

ನಾವಿರುವುದು ನೆರಳೂರಿನಲ್ಲಿ, ಅಂದರೆ ಬಿಸಿಲಿಗಂಜಿ ಇಡೀ ಊರಿಗೆ ಒಂದೇ ಚಾವಣಿ ಹೊದಿಸಿಕೊಂಡ ಊರಿನಲ್ಲಿ. ಆ ಚಾವಣಿಯ ದೂಳು ಗುಡಿಸುವುದು ನನ್ನ ಕೆಲಸ. ಊರಾಚೆಯ ಗುಡ್ಡದ ಮೇಲೆ ಒಂದು ದೊಣೆಯಿದೆ, ಬಂಡೆಯ ಕುಳಿಯಲ್ಲಿ ಮಳೆನೀರು ನಿಂತ ಸಣ್ಣ ಕೊಳ. ವರ್ಷಕ್ಕೊಂದು ದಿನ ಪ್ರತಿಯೊಬ್ಬರಿಗೂ ಅಲ್ಲಿ 'ಸುಮ್ಮನಿರುಪಾಳಿ' ಸಿಗುತ್ತದೆ, ನೀರಿನ ಬಳಿ ಸುಮ್ಮನೆ ಕೂತು ಬರುವ ಸರದಿ. ಒಬ್ಬರೇ ಹೋಗಬೇಕು. ಇಬ್ಬರಾದರೆ ಮಾತು ಹುಟ್ಟುತ್ತದೆ, ಹಕ್ಕಿ ನೀರಿಗಿಳಿಯುವುದಿಲ್ಲ. ಮೊದಲ ಪಾಳಿಯಲ್ಲಿ ಬಂಡೆಗೆ ಸುಣ್ಣದ ಅಂಗೈ ಒತ್ತಿ ಜಾಗ ಹಿಡಿದರೆ, ಸಾಯುವವರೆಗೆ ಅದು ನಮ್ಮದೇ. ಅಲ್ಲಿ ಏನು ಕಂಡೆವೆಂದು ಊರಿನ ಯಾರಿಗೂ ಹೇಳುವಂತಿಲ್ಲ. ನನ್ನ ಹೆಂಡತಿ ಬೊಮ್ಮಕ್ಕ ಪ್ರತಿ ಸಲವೂ ನನ್ನನ್ನು ಹೊರದಬ್ಬುತ್ತಿದ್ದಳು: "ಹೋಗ್ಬಾ ಹೋಗ್ಬಾ, ಮುಖ ಹುಣಸೇಹಣ್ಣು ಆಗೈತೆ. ನೀರು ನೋಡಿದ್ರೆ ಸರಿ ಹೋಗ್ತೈತೆ." ಸರಿಹೋಗುತ್ತಿತ್ತು ಕೂಡ.

ಮುಂಗಾರಿಗೆ ಮುಂಚೆ ಅವಳು ತೀರಿಕೊಂಡಳು. ಸತ್ತವರ ಪಾಳಿ ಉಳಿದಿದ್ದರೆ ಮನೆಯವರೊಬ್ಬರು ಅವರ ಜಾಗದಲ್ಲಿ ಕೂತು ಮುಗಿಸಬೇಕು. ಸ್ವಾತಿ ದಾಟಿದರೆ ಗುರುತು ಉಜ್ಜಿ ಬೇರೆಯವರಿಗೆ ಕೊಡುತ್ತಾರೆ. ನನಗೆ ಹೋಗಲು ಧೈರ್ಯ ಬರಲಿಲ್ಲ. ಮಳೆ ಮುಗಿಯುತ್ತ ಬಂದಾಗ, ನಿನ್ನೆ, ಹೋದೆ.

ನನ್ನ ಜಾಗದಿಂದ ಊರು ಕಾಣುವುದಿಲ್ಲ, ಅದಕ್ಕೇ ಆರಿಸಿದ್ದೆ. ಅವಳ ಅಂಗೈ ಗುರುತು ದೊಣೆಯ ಆಚೆ ದಡದಲ್ಲಿತ್ತು. ಬೆಳಗಿನಿಂದ ಅಲ್ಲೇ ಕೂತೆ. ಗುಬ್ಬಿಗಳು ಬಂದು ಮಿಂದವು. ಕಲ್ಲುಹೂವಿನ ವಾಸನೆ, ತಣ್ಣನೆಯ ಗಾಳಿ. ಎಷ್ಟೋ ದಿನಗಳ ಮೇಲೆ ಉಸಿರು ಸರಾಗವಾಯಿತು. ಆಮೇಲೆ ತಲೆಯೆತ್ತಿ ನೋಡಿದೆ. ಅಲ್ಲಿಂದ ನೇರ ಕಾಣುವುದು ನಾನು ದಿನವೂ ಗುಡಿಸುವ ಚಾವಣಿಯ ಮೂಲೆ, ಮತ್ತೇನೂ ಅಲ್ಲ. ಅವಳ ಪಾಳಿಯ ದಿನಗಳಲ್ಲೂ ನಾನು ಅಲ್ಲೇ ಪೊರಕೆ ಹಿಡಿದಿರುತ್ತಿದ್ದೆ. ಚೆನ್ನಾಗಿ ಅತ್ತೆ. ಅತ್ತ ಮೇಲೆ ಹಗುರವಾಯಿತು.

ನಿಮ್ಮ ಕಾಲದಲ್ಲಿ ಪಾಳಿಯಿರಲಿಲ್ಲವಂತೆ, ಗಂಡ ಹೆಂಡತಿ ಒಟ್ಟಿಗೇ ನೀರಿನ ಬಳಿ ಕೂರಬಹುದಿತ್ತಂತೆ. ನನಗೆ ನಂಬಲಾಗುತ್ತಿಲ್ಲ. ನಿಜವಾಗಿದ್ದರೆ ಒಂದೇ ಬೇಡಿಕೆ: ಈ ಕಾಗದ ಮಡಿಸಿಟ್ಟು, ಮನೆಯವರನ್ನು ಕರೆದುಕೊಂಡು ಹೋಗಿ. ಮಾತಾಡದಿದ್ದರೂ ಸರಿ, ಒಂದೇ ದಡದಲ್ಲಿ ಕೂತು ಬನ್ನಿ.

ಗಾದ್ರಯ್ಯ