ಗರಸಿನ ಗುಂಡಿಯ ದೋಣಿ

ಗಿಣಿಗೇರಾ
೧೪ ಮಾರ್ಚ್ ೧೯೮೪

ಗುತ್ತೇದಾರ ಉಮಾಪತಿಯವರಿಗೆ, ನಿಮ್ಮ ದೋಣಿ ನಡೆಸುವ ಹೇಮಪ್ಪನ ನಮಸ್ಕಾರಗಳು.

ಈ ಕಥೆಯನ್ನು ಮೊದಲು ಹೇಳಿದವಳು ಮುದಕಮ್ಮ, ಕಳೆದ ರವಿವಾರ, ನಿಮ್ಮ ಕೆರೆಯ ದಂಡೆಯಲ್ಲಿ. ಮುನಿರಾಬಾದಿನಿಂದ ದೋಣಿ ಹತ್ತಲು ಬಂದವರು ಬುತ್ತಿ ಬಿಚ್ಚಿಕೊಂಡು, “ಇಷ್ಟು ಛಲೋ ಕೆರಿ ಯಾರು ಕಟ್ಟಿಸ್ಯಾರ, ಅಜ್ಜಿ?” ಎಂದು ಕೇಳಿದರು.

“ಯಾರೂ ಕಟ್ಟಿಸಿಲ್ರೆಪಾ. ಇದು ರಸ್ತೆಕ್ಕ ಹಾಕೋ ಗರಸು ಮಣ್ಣು ತಗದ ಗುಂಡಿ, ಮಳಿನೀರು ತುಂಬೈತಿ. ದಂಡಿ ಬಿರುಕು ಬಿಟ್ಟೈತಿ ಅಂತ ನನ್ನ ಮಗ ದುರುಗಪ್ಪ ಅಂದ. ‘ಹೆದರಿದ್ರ ಬಳಿ ತೊಟ್ಕೋ’ ಅಂತ ಗುತ್ತೇದಾರ ಇಳಿಸಿದ. ದಂಡಿ ಕುಸದು ಮಗ ಸತ್ತ. ಕುಡದು ಬಿದ್ದಾನಂತ ಪೊಲೀಸರ ಕಡೆ ಬರಸಿದ. ನನ್ನ ಮಗ ಸೆರೆ ಮುಟ್ಟಿದಾಂವ ಅಲ್ಲ.”

ಅಂದು ಅವನ ಪಕ್ಕದಲ್ಲಿ ಸಲಿಕೆ ಹಿಡಿದಿದ್ದವನು ನಾನು. ಸುಮ್ಮನಿದ್ದುದಕ್ಕೆ ನೀವು ಕೊಟ್ಟ ಕೆಲಸ ಈ ದೋಣಿ. ಆ ರವಿವಾರ ಮಾತ್ರ, “ಆಕಿ ಹೇಳಿದ್ದು ಖರೇ” ಎಂದುಬಿಟ್ಟೆ.

ಬರುವ ರವಿವಾರ ನಿಮ್ಮ ಹೊಸ ಬೀಗರನ್ನು ಕರೆತರುತ್ತೀರಂತೆ. ದೋಣಿ ತೊಳೆದಿಟ್ಟಿದ್ದೇನೆ. ದುರುಗಪ್ಪ ಯಾರೆಂದು ಅವರು ಕೇಳಿಯೇ ಕೇಳುತ್ತಾರೆ. ದಯವಿಟ್ಟು ದಂಡೆಯಲ್ಲೇ ಹೇಳಿಬಿಡಿ, ಇಲ್ಲದಿದ್ದರೆ ನಡುನೀರಿನಲ್ಲಿ ನಾನು ಹೇಳುತ್ತೇನೆ. ಯಾಕೆಂದರೆ ಕಥೆ ಕೇಳಿದವರು ಮರುದಿನ ಬೆಳಿಗ್ಗೆ ಬಣ್ಣದ ಡಬ್ಬಿ ತಂದು, ದೋಣಿಯ ಮೇಲಿದ್ದ ನಿಮ್ಮ ಹೆಸರನ್ನು ಅಳಿಸಿ, ದೊಡ್ಡ ಅಕ್ಷರಗಳಲ್ಲಿ ಅವನ ಹೆಸರು ಬರೆದು ಹೋದರು.

ಇಂತಿ,
ಹೇಮಪ್ಪ